ಕಾಲೇಜು ಕ್ರೀಡಾ ತಂಡಗಳ ಅಧಿಕೃತ ಅಭಿಮಾನಿ ಉಡುಪು

ಕಾಲೇಜು ಕ್ರೀಡಾ ತಂಡಗಳ ಅಧಿಕೃತ ಅಭಿಮಾನಿ ಉಡುಪು ಎಂದರೆ ಒಂದು ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಹೆಸರು, ಲಾಂಛನ, ತಂಡದ ಅಡ್ಡಹೆಸರು ಮೊದಲಾದ ಗುರುತುಗಳನ್ನು ಆ ಸಂಸ್ಥೆಯ ಲಿಖಿತ ಪರವಾನಗಿಯ ಮೇರೆಗೆ ಮುದ್ರಿಸಿ ಸಾರ್ವಜನಿಕರಿಗೆ ಮಾರುವ ಬಟ್ಟೆ. ಜೆರ್ಸಿ, ಟೀ ಶರ್ಟ್, ಟೋಪಿ, ಟೊಪ್ಪಿಗೆಯಿರುವ ಹೂಡಿ, ಸ್ವೆಟ್‌ಶರ್ಟ್ ಇವು ಇದರ ಸಾಮಾನ್ಯ ರೂಪಗಳು. ಆಟಗಾರರು ಮೈದಾನದಲ್ಲಿ ತೊಡುವ ಸಮವಸ್ತ್ರವೂ ಅಭಿಮಾನಿಗಳು ಕೊಳ್ಳುವ ಉಡುಪೂ ನೋಡಲು ಒಂದೇ ರೀತಿ ಇದ್ದರೂ ವ್ಯವಹಾರದ ದೃಷ್ಟಿಯಿಂದ ಬೇರೆ ಬೇರೆ. ಮೊದಲನೆಯದು ತಂಡದ ಖರ್ಚು, ಎರಡನೆಯದು ಸಂಸ್ಥೆಯ ಆದಾಯ.

ಈ ಮಾರುಕಟ್ಟೆ ಪೂರ್ಣವಾಗಿ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. 2010ರ ದಶಕದಲ್ಲಿ ಅಲ್ಲಿ ಇಂತಹ ಸರಕುಗಳ ಚಿಲ್ಲರೆ ಮಾರಾಟವು ವರ್ಷಕ್ಕೆ 400 ಕೋಟಿ ಡಾಲರನ್ನು ಮೀರಿತ್ತೆಂಬ ಅಂದಾಜು ಸಾಮಾನ್ಯವಾಗಿ ಉಲ್ಲೇಖಗೊಳ್ಳುತ್ತದೆ. ಭಾರತದ ಕಾಲೇಜು ಕ್ರೀಡೆಯಲ್ಲಿ ಇದಕ್ಕೆ ಸಮನಾದ ಮಾರುಕಟ್ಟೆ ಇಲ್ಲ. ಆದರೂ ಕರ್ನಾಟಕಕ್ಕೆ ಈ ವಿಷಯ ದೂರದ್ದೇನಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಿಂದ ಪರವಾನಗಿ ಪಡೆದ ಕಂಪನಿಗಳಿಗೆ ಬಟ್ಟೆ ಹೊಲಿದುಕೊಡುವ ಕಾರ್ಖಾನೆಗಳು ಬೆಂಗಳೂರು ಮತ್ತು ಅದರ ಸುತ್ತಮುತ್ತ ಇದ್ದು, ಆ ಪರವಾನಗಿಯ ಷರತ್ತುಗಳು ಇಲ್ಲಿನ ಕಾರ್ಮಿಕರ ಬದುಕನ್ನು ತಟ್ಟಿದ ಪ್ರಸಂಗಗಳಿವೆ.

ಪರವಾನಗಿಯ ಅರ್ಥ

ವಿಶ್ವವಿದ್ಯಾಲಯದ ಹೆಸರು ಮತ್ತು ಲಾಂಛನಗಳು ಕಾನೂನಿನ ಪ್ರಕಾರ ಟ್ರೇಡ್‌ಮಾರ್ಕ್‌ಗಳು. ಅವುಗಳನ್ನು ಬಟ್ಟೆಯ ಮೇಲೆ ಬಳಸಬಯಸುವ ತಯಾರಕನು ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ವಿನ್ಯಾಸಕ್ಕೆ ಮುಂಚಿತವಾಗಿ ಒಪ್ಪಿಗೆ ಪಡೆದು, ಸಗಟು ಬೆಲೆಯ ಒಂದು ಭಾಗವನ್ನು ರಾಯಧನವಾಗಿ ಸಲ್ಲಿಸಬೇಕು. ಈ ಪ್ರಮಾಣವು ಸಾಮಾನ್ಯವಾಗಿ ಶೇಕಡ 10ರಿಂದ 15ರ ನಡುವೆ ಇರುತ್ತದೆ. ಉದಾಹರಣೆಗೆ, 20 ಡಾಲರ್ ಸಗಟು ಬೆಲೆಯ ಒಂದು ಸ್ವೆಟ್‌ಶರ್ಟ್‌ಗೆ ಶೇಕಡ 12ರಂತೆ ಲೆಕ್ಕ ಹಾಕಿದರೆ ವಿಶ್ವವಿದ್ಯಾಲಯಕ್ಕೆ 2.40 ಡಾಲರ್ ಸೇರುತ್ತದೆ.

ಆದ್ದರಿಂದ 'ಅಧಿಕೃತ' ಎಂಬ ಚೀಟಿಯು ಮೂಲತಃ ಹೇಳುವುದು ಇಷ್ಟೇ: ಗುರುತನ್ನು ಬಳಸಲು ಅದರ ಒಡೆಯರ ಅನುಮತಿ ಇದೆ, ಅವರ ಪಾಲಿನ ಹಣ ಅವರಿಗೆ ಸಲ್ಲುತ್ತದೆ. ಬಟ್ಟೆ ಹೆಚ್ಚು ಬಾಳಿಕೆ ಬರುತ್ತದೆಯೆಂದಾಗಲಿ, ಹೊಲಿದವರಿಗೆ ನ್ಯಾಯವಾದ ಕೂಲಿ ಸಿಕ್ಕಿದೆಯೆಂದಾಗಲಿ ಆ ಚೀಟಿ ತಾನಾಗಿಯೇ ಹೇಳುವುದಿಲ್ಲ. ಈ ಎರಡನೆಯ ಮಾತು ಪರವಾನಗಿ ಒಪ್ಪಂದಗಳೊಳಗೆ ಸೇರಿದ್ದು ತಡವಾಗಿ, ಅದೂ ವಿದ್ಯಾರ್ಥಿಗಳ ಹೋರಾಟದ ಫಲವಾಗಿ.

ಇತಿಹಾಸ

ಚಾಂಪಿಯನ್‌ನಂತಹ ಕಂಪನಿಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಿಂದಲೇ ಅಮೆರಿಕದ ಕಾಲೇಜುಗಳ ಹೆಸರನ್ನು ಬಟ್ಟೆಯ ಮೇಲೆ ಮುದ್ರಿಸುತ್ತಿದ್ದವು. ಆಗ ಯಾರೂ ಅನುಮತಿ ಕೇಳುತ್ತಿರಲಿಲ್ಲ. ಕಾಲೇಜುಗಳೂ ಅದನ್ನು ಪುಕ್ಕಟೆ ಪ್ರಚಾರವೆಂದು ಭಾವಿಸಿದ್ದವು. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪುಸ್ತಕದಂಗಡಿಯು 1973ರಲ್ಲಿ ಒಬ್ಬ ಕೈಗಡಿಯಾರ ತಯಾರಕನಿಗೆ ಕೊಟ್ಟ ಪರವಾನಗಿಯನ್ನು ಆರಂಭಿಕ ಉದಾಹರಣೆಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ. 1981ರಲ್ಲಿ ಬಿಲ್ ಬ್ಯಾಟಲ್ ಎಂಬವರು ಕಾಲೇಜಿಯೇಟ್ ಲೈಸೆನ್ಸಿಂಗ್ ಕಂಪನಿಯನ್ನು ಸ್ಥಾಪಿಸಿದರು. ಅಲಬಾಮಾ ವಿಶ್ವವಿದ್ಯಾಲಯ ಅದರ ಮೊದಲ ಗ್ರಾಹಕ. ಅನೇಕ ಸಂಸ್ಥೆಗಳ ಪರವಾಗಿ ಒಬ್ಬನೇ ಮಧ್ಯವರ್ತಿ ಪರವಾನಗಿ ನೀಡುವ ಪದ್ಧತಿ ಇದರಿಂದ ನೆಲೆಗೊಂಡಿತು.

ಈ ಹಕ್ಕು ನ್ಯಾಯಾಲಯದಲ್ಲಿ ಸುಲಭವಾಗಿ ಸಿದ್ಧಿಸಲಿಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವು ಚಾಂಪಿಯನ್ ಕಂಪನಿಯ ವಿರುದ್ಧ ಹೂಡಿದ ದಾವೆಯಲ್ಲಿ, ಕಂಪನಿಯು 1936ರಿಂದಲೂ ಇಂತಹ ಬಟ್ಟೆ ಮಾರುತ್ತಿದ್ದುದು ಮುಖ್ಯ ಪ್ರಶ್ನೆಯಾಯಿತು. ಇಷ್ಟು ಕಾಲ ಸುಮ್ಮನಿದ್ದವರು ಈಗ ತಡೆ ಕೇಳಬಹುದೇ? 1983ರಲ್ಲಿ ಕೆಳ ನ್ಯಾಯಾಲಯವು ಕಂಪನಿಯ ಪರವಾಗಿಯೇ ತೀರ್ಪು ನೀಡಿತು. ಕಾಲಕ್ರಮೇಣ ಕಾನೂನಿನ ಒಲವು ಸಂಸ್ಥೆಗಳ ಕಡೆಗೆ ತಿರುಗಿತು. 2008ರಲ್ಲಿ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯ ಮತ್ತಿತರ ಸಂಸ್ಥೆಗಳು ಸ್ಮ್ಯಾಕ್ ಅಪೇರಲ್ ಎಂಬ ಕಂಪನಿಯ ವಿರುದ್ಧ ನಡೆಸಿದ ವ್ಯಾಜ್ಯದಲ್ಲಿ ಮೇಲ್ಮನವಿ ನ್ಯಾಯಾಲಯವು ಇನ್ನೂ ಮುಂದೆ ಹೋಯಿತು. ಹೆಸರು ಹಾಕದೆ, ಕೇವಲ ತಂಡದ ಬಣ್ಣಗಳನ್ನೂ ಪಂದ್ಯಗಳ ಸೂಚನೆಯನ್ನೂ ಸೇರಿಸಿ ಮುದ್ರಿಸಿದರೂ ಅದು ಉಲ್ಲಂಘನೆಯಾಗಬಹುದು ಎಂದು ಅದು ಹೇಳಿತು.

ಲಭ್ಯತೆ ಮತ್ತು ಗುರುತಿಸುವ ಬಗೆ

ಅಮೆರಿಕದಲ್ಲಿ ಅಧಿಕೃತ ಉಡುಪು ದೊರೆಯುವ ಮೊದಲ ಸ್ಥಳ ವಿಶ್ವವಿದ್ಯಾಲಯದ ಆವರಣದ ಪುಸ್ತಕದಂಗಡಿ. ಪುಸ್ತಕಕ್ಕಿಂತ ಬಟ್ಟೆಯೇ ಎದ್ದು ಕಾಣುವ ಇಂತಹ ಅನೇಕ ಅಂಗಡಿಗಳನ್ನು ಬಾರ್ನ್ಸ್ ಅಂಡ್ ನೋಬಲ್ ಕಾಲೇಜ್ ಮತ್ತು ಫಾಲೆಟ್ ಕಂಪನಿಗಳು ನಡೆಸುತ್ತವೆ. ಇವಲ್ಲದೆ ಕ್ರೀಡಾಂಗಣದ ಮಳಿಗೆಗಳು, ಸರಣಿ ಅಂಗಡಿಗಳು, ಫನಾಟಿಕ್ಸ್‌ನಂತಹ ಆನ್‌ಲೈನ್ ಮಾರಾಟಗಾರರು ಇದ್ದಾರೆ. ದೊಡ್ಡ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ತಂಡಗಳಿರುವ ವಿಶ್ವವಿದ್ಯಾಲಯಗಳ ಉಡುಪು ದೇಶದಾದ್ಯಂತ ಸಿಕ್ಕರೆ, ಸಣ್ಣ ಕಾಲೇಜುಗಳದ್ದು ಸಾಮಾನ್ಯವಾಗಿ ಅವುಗಳ ಊರನ್ನು ದಾಟುವುದಿಲ್ಲ.

ಭಾರತಕ್ಕೆ ಇವು ಬರುವುದು ಹೆಚ್ಚಾಗಿ ಪೆಟ್ಟಿಗೆಗಳಲ್ಲಿ. ಮಗನೋ ಮಗಳೋ ಓದುತ್ತಿರುವ ವಿಶ್ವವಿದ್ಯಾಲಯದ ಹೆಸರನ್ನು ಎದೆಯ ಮೇಲೆ ಧರಿಸಿ ಬೆಳಗಿನ ವಾಯುವಿಹಾರಕ್ಕೆ ಹೊರಟ ಹಿರಿಯರನ್ನು ಬೆಂಗಳೂರು, ಮೈಸೂರುಗಳ ಉದ್ಯಾನಗಳಲ್ಲಿ ಕಾಣಬಹುದು. ಆ ತಂಡ ಯಾವ ಆಟ ಆಡುತ್ತದೆಂಬುದು ಅವರಿಗೆ ತಿಳಿದಿರಲೇಬೇಕೆಂದೇನೂ ಇಲ್ಲ.

ಅಧಿಕೃತ ವಸ್ತುವನ್ನು ಗುರುತಿಸಲು ಕೆಲವು ಸಾಧನಗಳಿವೆ. ಬೆಲೆಚೀಟಿಯ ಮೇಲೆ, ಪರವಾನಗಿ ಪಡೆದ ಕಾಲೇಜು ಸರಕು ಎಂದು ಸಾರುವ ಹೊಲೊಗ್ರಾಂ ಇರುತ್ತದೆ. ಲಾಂಛನದ ಪಕ್ಕದಲ್ಲಿ ಟ್ರೇಡ್‌ಮಾರ್ಕ್ ಚಿಹ್ನೆ ಇರುತ್ತದೆ. ಕೊರಳಪಟ್ಟಿಯ ಒಳಗಿನ ಅಥವಾ ಪಕ್ಕದ ಹೊಲಿಗೆಯ ಪಟ್ಟಿಯಲ್ಲಿ ತಯಾರಾದ ದೇಶದ ಹೆಸರೂ, ಹಲವು ವೇಳೆ 'ಆರ್‌ಎನ್' ಎಂಬ ಅಕ್ಷರಗಳ ನಂತರ ಒಂದು ಸಂಖ್ಯೆಯೂ ಇರುತ್ತದೆ. ಈ ಸಂಖ್ಯೆಯನ್ನು ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ ನೀಡುತ್ತದೆ. ಅದರ ದಾಖಲೆಯಲ್ಲಿ ಹುಡುಕಿದರೆ ಬಟ್ಟೆಗೆ ಹೊಣೆಯಾದ ಕಂಪನಿಯ ಹೆಸರು ಸಿಗುತ್ತದೆ. ಕೊಳ್ಳೇಗಾಲ, ಯಳಂದೂರು, ಮಾಂಬಳ್ಳಿಯ ಸೀಮೆಯಲ್ಲಿ ರೇಷ್ಮೆಯ ವ್ಯವಹಾರ ಬಲ್ಲವರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ತನ್ನ ಮೈಸೂರು ಸಿಲ್ಕ್ ಸೀರೆಗಳಿಗೆ ಹೊಲೊಗ್ರಾಂ ಮತ್ತು ಸಂಕೇತ ಸಂಖ್ಯೆ ಹಾಕುವುದೂ ಇದೇ ಕಾರಣಕ್ಕೆ. ಒಂದು ವ್ಯತ್ಯಾಸವಿದೆ. ಸೀರೆಯ ಗುರುತು ಅದನ್ನು ನೇಯ್ದ ಸಂಸ್ಥೆಯನ್ನೇ ತೋರಿಸುತ್ತದೆ. ಕಾಲೇಜು ಉಡುಪಿನ ಗುರುತು ತೋರಿಸುವುದು ಹೆಸರಿನ ಒಡೆಯನನ್ನು ಮತ್ತು ಬ್ರ್ಯಾಂಡನ್ನು ಮಾತ್ರ, ಹೊಲಿದ ಕಾರ್ಖಾನೆಯನ್ನಲ್ಲ.

ನಕಲಿಯೂ ಅಲ್ಲದ, ಪೂರ್ಣ ಅಧಿಕೃತವೂ ಅಲ್ಲದ ಮೂರನೆಯ ಬಗೆಯೊಂದು ರಫ್ತು ಕೇಂದ್ರಗಳಲ್ಲಿ ಕಾಣಸಿಗುತ್ತದೆ. ಬೆಂಗಳೂರಿನ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಅಂಗಡಿಗಳಲ್ಲಿ ಒಮ್ಮೊಮ್ಮೆ ವಿದೇಶಿ ಬ್ರ್ಯಾಂಡ್‌ನ ಬಟ್ಟೆಗಳು ಕತ್ತರಿಸಿದ ಕೊರಳಪಟ್ಟಿಯೊಂದಿಗೆ ಕಡಿಮೆ ಬೆಲೆಗೆ ದೊರೆಯುತ್ತವೆ. ಬಣ್ಣದಲ್ಲಿ ಅಲ್ಪ ವ್ಯತ್ಯಾಸ, ಒಂದು ಹೊಲಿಗೆ ತಪ್ಪಿದ್ದು, ಆದೇಶಕ್ಕಿಂತ ಹೆಚ್ಚು ತಯಾರಾದದ್ದು ಇವೆಲ್ಲ ಹೀಗೆ ಹೊರಬೀಳುತ್ತವೆ. ಬಟ್ಟೆಯನ್ನು ಅಸಲಿ ಕಾರ್ಖಾನೆಯಲ್ಲಿಯೇ ಹೊಲಿದಿರಬಹುದು. ಆದರೆ ಪರವಾನಗಿ ಒಪ್ಪಂದಗಳು ಸಾಮಾನ್ಯವಾಗಿ ಒಪ್ಪಿಗೆಯಿಲ್ಲದೆ ಇಂತಹ ಸರಕಿನ ಮಾರಾಟವನ್ನು ನಿರ್ಬಂಧಿಸುತ್ತವೆ. ರಾಯಧನ ಸಲ್ಲದ ಆ ಬಟ್ಟೆಯನ್ನು ಅಧಿಕೃತವೆಂದು ಕರೆಯಲಾಗದು. ಕೊರಳಪಟ್ಟಿಯನ್ನು ಕತ್ತರಿಸುವುದೂ ಅದಕ್ಕಾಗಿಯೇ.

ಹೊಲಿದವರ ಪ್ರಶ್ನೆ

1990ರ ದಶಕದ ಕೊನೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರುಳ್ಳ ಬಟ್ಟೆಯನ್ನು ಯಾರು, ಎಲ್ಲಿ, ಎಷ್ಟು ಕೂಲಿಗೆ ಹೊಲಿಯುತ್ತಾರೆಂದು ಕೇಳತೊಡಗಿದರು. 1999ರಲ್ಲಿ ಡ್ಯೂಕ್, ಜಾರ್ಜ್‌ಟೌನ್, ವಿಸ್ಕಾನ್ಸಿನ್, ಮಿಷಿಗನ್ ಮೊದಲಾದ ವಿಶ್ವವಿದ್ಯಾಲಯಗಳ ಆಡಳಿತ ಕಚೇರಿಗಳಲ್ಲಿ ಅವರು ಧರಣಿ ಕುಳಿತರು. ಮುಖ್ಯ ಬೇಡಿಕೆ ಸರಳವಾಗಿತ್ತು: ಕಾರ್ಖಾನೆಗಳ ಹೆಸರು ಮತ್ತು ವಿಳಾಸವನ್ನು ಬಹಿರಂಗಪಡಿಸಬೇಕು. ಅದುವರೆಗೆ ಅದು ವ್ಯಾಪಾರ ರಹಸ್ಯವೆಂದು ಕಂಪನಿಗಳು ವಾದಿಸುತ್ತಿದ್ದವು. ಅದೇ ವರ್ಷ ನೈಕಿ ಕಂಪನಿಯು ಕಾಲೇಜು ಉಡುಪು ತಯಾರಿಸುವ ಸುಮಾರು 40 ಕಾರ್ಖಾನೆಗಳ ಪಟ್ಟಿಯನ್ನು ಪ್ರಕಟಿಸಿತು. ರಹಸ್ಯವೆಂಬ ವಾದ ಅಲ್ಲಿಗೆ ದುರ್ಬಲವಾಯಿತು.

2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸ್ವತಂತ್ರ ತನಿಖಾ ಸಂಸ್ಥೆ ಹುಟ್ಟಿತು. ವಿಶ್ವವಿದ್ಯಾಲಯಗಳೇ ಅದರ ಸದಸ್ಯರು. ಬಟ್ಟೆ ಕಂಪನಿಗಳು ಅದರ ಆಡಳಿತದಲ್ಲಿಲ್ಲ. ಕಂಪನಿಗಳೂ ಪಾಲ್ಗೊಳ್ಳುವ ಫೇರ್ ಲೇಬರ್ ಅಸೋಸಿಯೇಷನ್‌ಗಿಂತ ಇದು ಭಿನ್ನ. ಸದಸ್ಯ ವಿಶ್ವವಿದ್ಯಾಲಯಗಳು ತಮ್ಮ ಪರವಾನಗಿ ಒಪ್ಪಂದದಲ್ಲಿ ಕಾರ್ಮಿಕ ನೀತಿಸಂಹಿತೆಯೊಂದನ್ನು ಸೇರಿಸುತ್ತವೆ. ಆಯಾ ದೇಶದ ಕನಿಷ್ಠ ವೇತನ ಕಾನೂನು, ಸಂಘ ಕಟ್ಟುವ ಹಕ್ಕು, ಸುರಕ್ಷತೆ ಇವುಗಳನ್ನು ಮುರಿದರೆ ಪರವಾನಗಿಯನ್ನೇ ರದ್ದುಪಡಿಸಬಹುದು. ಸಾಮಾನ್ಯ ಗ್ರಾಹಕನಿಗೆ ಇಲ್ಲದ ಹಿಡಿತ ಇಲ್ಲಿ ವಿಶ್ವವಿದ್ಯಾಲಯಕ್ಕಿದೆ, ಏಕೆಂದರೆ ಕಂಪನಿಗೆ ಆ ಹೆಸರನ್ನು ಬೇರೆಲ್ಲಿಯೂ ಕೊಳ್ಳಲಾಗದು.

ಈ ಹಿಡಿತ ಬರಿಯ ಕಾಗದದ್ದಲ್ಲವೆಂದು 2009ರಲ್ಲಿ ತಿಳಿಯಿತು. ಹೊಂಡುರಾಸ್‌ನಲ್ಲಿ ಕಾರ್ಮಿಕರು ಸಂಘ ಕಟ್ಟಿದ್ದ ಕಾರ್ಖಾನೆಯೊಂದನ್ನು ರಸೆಲ್ ಅಥ್ಲೆಟಿಕ್ ಕಂಪನಿ ಮುಚ್ಚಿ ಸುಮಾರು 1,200 ಮಂದಿಯನ್ನು ಹೊರಹಾಕಿದಾಗ ಸುಮಾರು ನೂರು ವಿಶ್ವವಿದ್ಯಾಲಯಗಳು ಆ ಕಂಪನಿಯೊಂದಿಗಿನ ಒಪ್ಪಂದವನ್ನು ಕಡಿದುಕೊಂಡವು. ಅದೇ ವರ್ಷದ ನವೆಂಬರ್‌ನಲ್ಲಿ ಕಂಪನಿ ಕಾರ್ಖಾನೆಯನ್ನು ಮತ್ತೆ ತೆರೆದು ಕಾರ್ಮಿಕರನ್ನು ಮರಳಿ ಸೇರಿಸಿಕೊಳ್ಳಲು ಒಪ್ಪಿತು. 2010ರಲ್ಲಿ ನೈಟ್ಸ್ ಅಪೇರಲ್ ಕಂಪನಿಯು ಡೊಮಿನಿಕನ್ ಗಣರಾಜ್ಯದಲ್ಲಿ ಆಲ್ಟ ಗ್ರಾಸಿಯ ಎಂಬ ಹೆಸರಿನಲ್ಲಿ, ಕನಿಷ್ಠ ವೇತನದ ಸುಮಾರು ಮೂರು ಪಟ್ಟು ಕೂಲಿ ಕೊಟ್ಟು ಕಾಲೇಜು ಉಡುಪು ತಯಾರಿಸತೊಡಗಿತು. ಇಂತಹ ಪ್ರಯೋಗಗಳು ವಿರಳ.

ಕರ್ನಾಟಕದ ಕಾರ್ಖಾನೆಗಳು

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮಂಡ್ಯ ಜಿಲ್ಲೆಗಳವರೆಗೆ ಹಬ್ಬಿರುವ ಸಿದ್ಧ ಉಡುಪು ಉದ್ಯಮದಲ್ಲಿ ಲಕ್ಷಾಂತರ ಕಾರ್ಮಿಕರಿದ್ದಾರೆ. ಅವರಲ್ಲಿ ಬಹುಪಾಲು ಮಹಿಳೆಯರು. ಆಡುಮಾತಿನಲ್ಲಿ ಇದು 'ಗಾರ್ಮೆಂಟ್ಸ್ ಕೆಲಸ'. ಒಂದೇ ಕಾರ್ಖಾನೆ ಹಲವು ವಿದೇಶಿ ಬ್ರ್ಯಾಂಡ್‌ಗಳಿಗೆ ಹೊಲಿಯುವುದರಿಂದ, ಖರೀದಿದಾರರಲ್ಲಿ ಒಬ್ಬರು ವಿಶ್ವವಿದ್ಯಾಲಯದ ಪರವಾನಗಿ ಹೊಂದಿದ್ದರೂ ಆ ಕಾರ್ಖಾನೆ ಮೇಲೆ ಹೇಳಿದ ನೀತಿಸಂಹಿತೆಯ ವ್ಯಾಪ್ತಿಗೆ ಬರಬಹುದು.

2018ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ 8ನೇ ಘಟಕದಲ್ಲಿ ವೇತನ ಹೆಚ್ಚಳ, ಕುಡಿಯುವ ನೀರು ಮೊದಲಾದ ಬೇಡಿಕೆಗಳನ್ನಿಟ್ಟು ಸಂಘಟಿತರಾಗುತ್ತಿದ್ದ ಕಾರ್ಮಿಕರ ಮೇಲೆ ಹಲ್ಲೆ, ಬೆದರಿಕೆ ನಡೆಯಿತೆಂದು ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಅದೇ ವರ್ಷದ ಜೂನ್‌ನಲ್ಲಿ ವರದಿ ಮಾಡಿತು. ಆ ಘಟಕದ ಖರೀದಿದಾರರಲ್ಲಿ ವಿಶ್ವವಿದ್ಯಾಲಯಗಳ ಪರವಾನಗಿ ಹೊಂದಿದ್ದ ಕೊಲಂಬಿಯಾ ಸ್ಪೋರ್ಟ್ಸ್‌ವೇರ್ ಇತ್ತು. ವರದಿಯ ಬೆನ್ನಲ್ಲೇ ಕಂಪನಿಯು ಕಾರ್ಮಿಕ ಸಂಘದೊಂದಿಗೆ ಒಪ್ಪಂದಕ್ಕೆ ಬಂದು, ಕೆಲಸದಿಂದ ಹೊರಗುಳಿದಿದ್ದ ಕಾರ್ಮಿಕರನ್ನು ಮರಳಿ ತೆಗೆದುಕೊಂಡಿತು.

ಇದಕ್ಕಿಂತ ವ್ಯಾಪಕವಾದದ್ದು ತುಟ್ಟಿಭತ್ಯೆಯ ವಿವಾದ. ಬೆಲೆಯೇರಿಕೆಗೆ ಅನುಗುಣವಾಗಿ ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನಕ್ಕೆ ಸೇರುವ ಈ ಭತ್ಯೆ 2020ರಲ್ಲಿ ತಿಂಗಳಿಗೆ ಸುಮಾರು 417 ರೂಪಾಯಿಯಷ್ಟು ಹೆಚ್ಚಬೇಕಾಗಿತ್ತು. ಕೋವಿಡ್ ಕಾರಣ ನೀಡಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಮುಂದೂಡುವಂತಿಲ್ಲ, ಬಾಕಿಸಹಿತ ಕೊಡಬೇಕು ಎಂದು ಕರ್ನಾಟಕ ಹೈಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಆದರೂ ಹೆಚ್ಚಿನ ಕಾರ್ಖಾನೆಗಳು ಒಂದು ವರ್ಷಕ್ಕೂ ಮೀರಿ ಕೊಡಲಿಲ್ಲ. ಬಾಧಿತರ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚೆಂದು ಕನ್ಸಾರ್ಟಿಯಂ ಹೇಳಿತು. ಇಲ್ಲಿಂದ ಬಟ್ಟೆ ತರಿಸುತ್ತಿದ್ದ ಬ್ರ್ಯಾಂಡ್‌ಗಳಲ್ಲಿ, ಅನೇಕ ವಿಶ್ವವಿದ್ಯಾಲಯ ತಂಡಗಳಿಗೆ ಉಡುಪು ಒದಗಿಸುವ ನೈಕಿಯೂ ಇತ್ತು. ಖರೀದಿದಾರರ ಒತ್ತಡ ಹೆಚ್ಚಿದ ಮೇಲೆ, 2021ರ ಕೊನೆ ಮತ್ತು 2022ರ ಆರಂಭದಲ್ಲಿ ಪ್ರಮುಖ ಕಾರ್ಖಾನೆಗಳು ಬಾಕಿ ಪಾವತಿಸತೊಡಗಿದವು.

ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ತಿಂಗಳಿಗೆ 417 ರೂಪಾಯಿ ಎಂದರೆ 26 ಕೆಲಸದ ದಿನಗಳಿಗೆ ದಿನಕ್ಕೆ ಸುಮಾರು 16 ರೂಪಾಯಿ. ಮೇಲಿನ ಉದಾಹರಣೆಯ 2.40 ಡಾಲರ್ ರಾಯಧನವು 2021ರ ವಿನಿಮಯ ದರದಲ್ಲಿ ಸುಮಾರು 177 ರೂಪಾಯಿ. ಒಂದು ಸ್ವೆಟ್‌ಶರ್ಟ್‌ನ ಮೇಲಿನ ಹೆಸರಿಗೆ ಸಲ್ಲುವ ಹಣವು ಒಬ್ಬ ಕಾರ್ಮಿಕಳಿಗೆ ಸಿಗದೆ ಉಳಿದ ಭತ್ಯೆಯ ಹನ್ನೊಂದು ದಿನಗಳ ಮೊತ್ತಕ್ಕೆ ಸಮ.

ಆಟಗಾರರ ಪಾಲು

ಬಹುಕಾಲ ಕಾಲೇಜು ಆಟಗಾರರಿಗೂ ಈ ಆದಾಯದಲ್ಲಿ ಪಾಲಿರಲಿಲ್ಲ. ಅವರು ಹವ್ಯಾಸಿಗಳೆಂಬುದು ರಾಷ್ಟ್ರೀಯ ಕಾಲೇಜು ಅಥ್ಲೆಟಿಕ್ ಸಂಘದ ನಿಲುವಾಗಿತ್ತು. ಜೆರ್ಸಿಯ ಮೇಲೆ ಆಟಗಾರನ ಹೆಸರಿರುತ್ತಿರಲಿಲ್ಲ, ಸಂಖ್ಯೆ ಮಾತ್ರ ಇರುತ್ತಿತ್ತು. 2013ರಲ್ಲಿ ಕ್ರೀಡಾ ವಿಶ್ಲೇಷಕ ಜೇ ಬೈಲಸ್ ಅವರು, ಸಂಘದ ಆನ್‌ಲೈನ್ ಅಂಗಡಿಯಲ್ಲಿ ಆಟಗಾರನ ಹೆಸರನ್ನು ಹುಡುಕಿದರೆ ಅವನದೇ ಸಂಖ್ಯೆಯ ಜೆರ್ಸಿ ಎದುರಾಗುತ್ತದೆಂದು ತೋರಿಸಿಕೊಟ್ಟರು. ಸಂಘವು ಅಂತಹ ಮಾರಾಟವನ್ನು ನಿಲ್ಲಿಸಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸಬಹುದಾಗಿದೆ. ಹೆಸರುಳ್ಳ ಜೆರ್ಸಿಗಳು ಅಧಿಕೃತವಾಗಿ ದೊರೆಯತೊಡಗಿದ್ದು ಆ ನಂತರವೇ. 2025ರಲ್ಲಿ ನ್ಯಾಯಾಲಯ ಅನುಮೋದಿಸಿದ ರಾಜಿಯೊಂದು ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿ ಮಾಡಿತು.

ಭಾರತದ ಕಾಲೇಜು ತಂಡಗಳು

ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೆಯ ಆವೃತ್ತಿ 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ಜರುಗಿತು. ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯ ಅಗ್ರಸ್ಥಾನ ಪಡೆಯಿತು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ಅಥ್ಲೀಟ್‌ಗಳನ್ನೊಳಗೊಂಡ ಮಂಗಳೂರು ವಿಶ್ವವಿದ್ಯಾಲಯದ ತಂಡವೂ ಓಟ, ಜಿಗಿತ, ಎಸೆತಗಳಲ್ಲಿ ಹೆಸರುವಾಸಿ. ಸಾಧನೆಗೆ ಕೊರತೆಯಿಲ್ಲದಿದ್ದರೂ ಅಭಿಮಾನಿ ಉಡುಪಿನ ಮಾರುಕಟ್ಟೆ ಬೆಳೆದಿಲ್ಲ.

ಇದಕ್ಕೆ ಪ್ರೇಕ್ಷಕರ ಅಭಾವ ಒಂದು ಕಾರಣ. ಸಂಯೋಜನಾ ಪದ್ಧತಿ ಇನ್ನೊಂದು. ಕೊಳ್ಳೇಗಾಲದ ಶ್ರೀ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂತಹ ಕಾಲೇಜಿನ ಆಟಗಾರ್ತಿ ತನ್ನ ಕಾಲೇಜಿಗಾಗಿ ಆಡುವುದು ವಿಶ್ವವಿದ್ಯಾಲಯದೊಳಗಿನ ಪಂದ್ಯಗಳಲ್ಲಿ ಮಾತ್ರ. ಮುಂದಿನ ಹಂತದಲ್ಲಿ ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಸೇರುತ್ತಾಳೆ. ಆ ವಿಶ್ವವಿದ್ಯಾಲಯವೂ ಶಾಶ್ವತವಲ್ಲ: ಚಾಮರಾಜನಗರ ಜಿಲ್ಲೆಯು ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದು, 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಆರಂಭವಾಯಿತು. ಹೀಗಾಗಿ ಊರಿನವರ ಅಭಿಮಾನಕ್ಕೆ ಒಂದೇ ಲಾಂಛನ, ಒಂದೇ ಬಣ್ಣ ನೆಲೆಗೊಳ್ಳುವುದು ಕಷ್ಟ. ಐಐಟಿ, ಐಐಎಂಗಳ ಹೆಸರುಳ್ಳ ಹೂಡಿಗಳಿಗೆ ಬೇಡಿಕೆ ಇದೆಯಾದರೂ ಅದು ಸಂಸ್ಥೆಯ ಪ್ರತಿಷ್ಠೆಗೆ ಸಂಬಂಧಿಸಿದ್ದು, ತಂಡಕ್ಕಲ್ಲ.

ತಾಲ್ಲೂಕು ಕೇಂದ್ರಗಳಲ್ಲಿ ಕಾಲೇಜು ತಂಡದ ಜೆರ್ಸಿ ಸಿದ್ಧವಾಗುವುದು ಮುದ್ರಣದ ಅಂಗಡಿಯಲ್ಲಿ. ಸಬ್ಲಿಮೇಷನ್ ಯಂತ್ರದಿಂದ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಹೆಸರು, ಸಂಖ್ಯೆ, ಬೆನ್ನಿನ ಮೇಲೆ ಪ್ರಾಯೋಜಕರ ಅಂಗಡಿಯ ಹೆಸರು ಮುದ್ರಿಸಿ, ತಂಡದ ಅಳತೆಗೆ ತಕ್ಕಷ್ಟೇ ಕೊಡುತ್ತಾರೆ. ಗ್ರಾಮೀಣ ಕಬಡ್ಡಿ ಮತ್ತು ಟೆನಿಸ್ ಬಾಲ್ ಕ್ರಿಕೆಟ್ ತಂಡಗಳ ಜೆರ್ಸಿಗಳದ್ದೂ ಇದೇ ದಾರಿ. ಕಾಲೇಜೇ ಹೇಳಿ ಮಾಡಿಸಿದ್ದರಿಂದ ಇವು ನಕಲಿಯಲ್ಲ. ಮಾರಾಟಕ್ಕಿಲ್ಲದ್ದರಿಂದ ಪರವಾನಗಿಯ ಪ್ರಶ್ನೆಯೂ ಏಳುವುದಿಲ್ಲ.

ಕರ್ನಾಟಕದಲ್ಲಿ ಅಮೆರಿಕದ ಕಾಲೇಜು ಉಡುಪಿಗೆ ಹತ್ತಿರವಾದ ಮಾರುಕಟ್ಟೆ ಇರುವುದು ವೃತ್ತಿಪರ ತಂಡಗಳಿಗೆ, ಮುಖ್ಯವಾಗಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಮತ್ತು 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿಗೆ. ಅಧಿಕೃತ ಜೆರ್ಸಿ ತಂಡದ ಮತ್ತು ಬ್ರ್ಯಾಂಡ್‌ನ ಮಳಿಗೆಗಳಲ್ಲಿ ಸಿಗುತ್ತದೆ. ಪಂದ್ಯದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಲಿನ ಪಾದಚಾರಿ ಮಾರ್ಗದಲ್ಲಿ ಅದರ ಹೋಲಿಕೆಯದು ಹಲವು ಪಟ್ಟು ಕಡಿಮೆ ಬೆಲೆಗೆ ದೊರೆಯುತ್ತದೆ. ಕ್ರಿಕೆಟ್ ತಂಡವು 2024ರ ಮಾರ್ಚ್‌ನಲ್ಲಿ ತನ್ನ ಹೆಸರಿನ 'ಬ್ಯಾಂಗಲೋರ್' ಅನ್ನು 'ಬೆಂಗಳೂರು' ಎಂದು ಬದಲಿಸಿ ಹೊಸ ಲಾಂಛನ ತಂದಿತು. ಹಳೆಯ ಹೆಸರಿನ ಜೆರ್ಸಿ ಎಂದಮಾತ್ರಕ್ಕೆ ಅದು ನಕಲಿಯಲ್ಲ, ಹಿಂದಿನ ಋತುಗಳ ಅಸಲಿಯೂ ಆಗಿರಬಹುದು. ಹಳೆಯ ಲಾಂಛನವಿಟ್ಟು ಹೊಸ ಋತುವಿನದೆಂದು ಮಾರುವುದನ್ನು ಮಾತ್ರ ಅನುಮಾನಿಸಬೇಕಾಗುತ್ತದೆ.

ಭಾರತದ 1999ರ ಟ್ರೇಡ್‌ಮಾರ್ಕ್ ಕಾಯಿದೆಯ ಪ್ರಕಾರ ಉಡುಪುಗಳು 25ನೇ ವರ್ಗಕ್ಕೆ ಸೇರುತ್ತವೆ. ನೋಂದಾಯಿತ ಗುರುತನ್ನು ಅನುಮತಿಯಿಲ್ಲದೆ ಬಳಸಿದರೆ 29ನೇ ಪ್ರಕರಣದಡಿ ಉಲ್ಲಂಘನೆಯಾಗುತ್ತದೆ. ಗುರುತನ್ನು ಸುಳ್ಳಾಗಿ ಅಳವಡಿಸುವುದಕ್ಕೆ 103ನೇ ಪ್ರಕರಣವು ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಈ ಕಾಯಿದೆ ಕಾಯುವುದು ಗುರುತಿನ ಒಡೆಯರನ್ನು. ಬಟ್ಟೆ ಹೊಲಿಯುವವರ ಹಕ್ಕುಗಳು ಕನಿಷ್ಠ ವೇತನ ಮೊದಲಾದ ಕಾರ್ಮಿಕ ಕಾನೂನುಗಳಡಿ ಬರುತ್ತವೆ. ಅಮೆರಿಕದ ವಿಶ್ವವಿದ್ಯಾಲಯಗಳ ನೀತಿಸಂಹಿತೆಯಂತೆ ಇವೆರಡನ್ನೂ ಒಂದೇ ಒಪ್ಪಂದದಲ್ಲಿ ಜೋಡಿಸಬೇಕೆಂಬ ಕಡ್ಡಾಯ ಈ ಕಾಯಿದೆಯಲ್ಲಿಲ್ಲ.